ಬೆಳ್ಳಿಹಬ್ಬಕ್ಕೆ ಈ ಹಾಡೇ?

ಭಾವ: (ವಿಡಿಯೊ: ಬ್ರಿಟನ್ನಿನ ಪಾಪ್ ತಂಡ ದಿ ಹ್ಯೂಮನ್ ಲೀಗ್, ‘ಡೋಂಟ್ ಯು ವಾಂಟ್ ಮಿ’, 1981) ಮದುವೆಯ ಬೆಳ್ಳಿಹಬ್ಬ ಆಚರಿಸುತ್ತಿರುವ ಜೋಡಿಗೆ ನಮ್ಮ ಕಾಲದ ಅತಿ ಮಧುರ ಯುಗಳಗೀತೆ. ನೂರ್ಕಾಲ ಸುಖವಾಗಿ ಬಾಳಿ.

ಚಿಕ್ಕಮ್ಮ: ಇಬ್ಬರಿಗೂ ಶುಭಾಶಯಗಳು. ಹಾಡೂ ಚೆನ್ನಾಗಿದೆ.

ನಾನು: ಭಾವ, ಈ ಹಾಡೆಂದರೆ ನನಗೂ ಪ್ರಾಣ. ಅದಕ್ಕೇ ಹೇಳುತ್ತಿದ್ದೇನೆ, ಇದನ್ನು ಮದುವೆಯ ದಿನದ ಶುಭಾಶಯವಾಗಿ ಕಳುಹಿಸಬೇಡಿ. ಇದು ಜೋಡಿಯೊಂದು ಮುರಿದು ಬೀಳುವ ಹಾಡು. ಮೊದಲ ಚರಣದಲ್ಲೇ ಅವನು ಲೆಕ್ಕ ಒಪ್ಪಿಸುತ್ತಾನೆ: ನೀನು ಬಾರಿನಲ್ಲಿ ಕೆಲಸಕ್ಕಿದ್ದೆ, ನಿನ್ನನ್ನು ಆರಿಸಿ ಮೇಲೆ ತಂದವನು ನಾನು, ಮನಸ್ಸು ಮಾಡಿದರೆ ಇದ್ದಲ್ಲಿಗೇ ಇಳಿಸಬಲ್ಲೆ. ಇದನ್ನು ಬೆದರಿಕೆ ಎನ್ನದೆ ಇನ್ನೇನು ಎನ್ನೋಣ?

ಭಾವ: ಪಲ್ಲವಿಯನ್ನೂ ಕೇಳು. ನಾನು ನಿನಗೆ ಬೇಡವೇ ಎಂದು ಅಂಗಲಾಚುತ್ತಾನೆ. ಪ್ರೀತಿ ಇಲ್ಲದವನು ಹಾಗೆ ಕೇಳುತ್ತಾನೆಯೇ?

ಅಕ್ಕ: ಬೆದರಿಸಿದ ಮೇಲೆ ಅಂಗಲಾಚುವುದು ಪ್ರೀತಿಯಲ್ಲ ರೀ. ಅಧಿಕಾರ ಕೈತಪ್ಪುತ್ತಿದೆ ಎಂಬ ಗಾಬರಿ. ತಂಡದ ಗಾಯಕ, ಹಾಡು ಬರೆದವರಲ್ಲಿ ಒಬ್ಬನಾದ ಫಿಲ್ ಓಕಿಯೇ ಇದು ಪ್ರೇಮಗೀತೆಯಲ್ಲ ಎಂದು ಹೇಳಿಕೊಂಡು ಬಂದಿದ್ದಾನೆ.

ತಮ್ಮ: ಪ್ರೀತಿಯೂ ಇಲ್ಲ, ಗಾಬರಿಯೂ ಇಲ್ಲ. ಗಿಟಾರ್ ಇಲ್ಲ, ಡ್ರಮ್ ಬಾರಿಸುವ ಮನುಷ್ಯನೂ ಇಲ್ಲ. ಎಲ್ಲವೂ ಸಿಂಥಸೈಜರ್, ಎಲ್ಲವೂ ಯಂತ್ರ.

ನಾನು: ಯಂತ್ರವೇ ಈ ಹಾಡಿನ ಬಲ. ನಿರ್ಮಾಪಕ ಮಾರ್ಟಿನ್ ರಶೆಂಟ್ ಲಿನ್ ಎಲ್ಎಂ-1 ಡ್ರಮ್ ಯಂತ್ರದಲ್ಲಿ ಕೂರಿಸಿದ ತಾಳ ಯಾರಿಗಾಗಿಯೂ ಬಾಗುವುದಿಲ್ಲ. ಅವನು ಬೆದರಿಸಿದ ತಾಳದಲ್ಲೇ, ಅದೇ ಧಾಟಿಯಲ್ಲೇ ಅವಳು ಉತ್ತರ ಕೊಡುತ್ತಾಳೆ. ಎರಡನೆಯ ಚರಣವನ್ನು ಕಿವಿಗೊಟ್ಟು ಕೇಳು. ಬಾರಿನಲ್ಲಿ ಕೆಲಸಕ್ಕಿದ್ದೆ, ನಿಜ ಎಂದು ಅವನ ಮಾತನ್ನು ಮೊದಲು ಒಪ್ಪಿಕೊಳ್ಳುತ್ತಾಳೆ. ಮರುಕ್ಷಣವೇ, ನೀನಿದ್ದರೂ ಇಲ್ಲದಿದ್ದರೂ ನಾನು ಮೇಲೆ ಬರುವವಳೇ ಆಗಿದ್ದೆ ಎನ್ನುತ್ತಾಳೆ. ಕೂಗಾಡುವುದಿಲ್ಲ, ಅಳುವುದಿಲ್ಲ. ಜೊತೆಗೆ ಕಳೆದ ಐದು ವರ್ಷಗಳನ್ನು ಹಳಿಯುವುದೂ ಇಲ್ಲ. ಇನ್ನು ನನ್ನ ಬದುಕು ನನಗೆ, ಅಷ್ಟೇ. ಮೊದಲು ಇದು ಗಂಡಿನ ದನಿಯೊಂದಕ್ಕೇ ಬರೆದ ಹಾಡು. ಹಾಗೇ ಉಳಿದಿದ್ದರೆ ನೊಂದ ಗಂಡಸಿನ ಅಳಲೊಂದೇ ನಮಗೆ ಸಿಗುತ್ತಿತ್ತು.

ಚಿಕ್ಕಪ್ಪ: ಒಂದು ಮಾತು ಕೇಳುತ್ತೇನೆ, ಕೋಪ ಮಾಡಿಕೊಳ್ಳಬೇಡ. ಮೇಲೆ ತಂದವರ ಉಪಕಾರ ಸ್ಮರಣೆ ಬೇಡವೇ? ಆ ಹಾಡುಗಾರ್ತಿಯನ್ನೂ ಓಕಿಯೇ ಡಿಸ್ಕೊದಲ್ಲಿ ಕಂಡು ಕರೆತಂದನಂತೆ.

ನಾನು: ಕೋಪವೇನಿಲ್ಲ ಚಿಕ್ಕಪ್ಪ, ಈ ಮಾತು ಬಂದದ್ದೇ ಒಳ್ಳೆಯದಾಯಿತು. 1980ರಲ್ಲಿ ಓಕಿಯ ಜೊತೆಗಾರರಾದ ಮಾರ್ಟಿನ್ ವೇರ್, ಇಯಾನ್ ಕ್ರೇಗ್ ಮಾರ್ಷ್ ತಂಡ ಬಿಟ್ಟು ಹೋದರು. ಯುರೋಪ್ ಪ್ರವಾಸ ತಲೆಯ ಮೇಲೆ ಬಂದು ಕುಳಿತಿತ್ತು. ಆಗ ಓಕಿ ಇಂಗ್ಲೆಂಡಿನ ಶೆಫೀಲ್ಡ್‌ನ ಕ್ರೇಜಿ ಡೇಸಿ ಎಂಬ ಡಿಸ್ಕೊದಲ್ಲಿ ಕುಣಿಯುತ್ತಿದ್ದ ಇಬ್ಬರು ಗೆಳತಿಯರನ್ನು ಕಂಡ. ಸೂಸನ್ ಆನ್ ಸಲ್ಲಿಗೆ 17 ವರ್ಷ, ಜೋಆನ್ ಕ್ಯಾಥರಾಲ್‌ಗೆ 18. ಇನ್ನೂ ಶಾಲೆಗೆ ಹೋಗುತ್ತಿದ್ದ ಹುಡುಗಿಯರು. ಮುಳುಗುತ್ತಿದ್ದದ್ದು ಓಕಿಯ ದೋಣಿ. ಯಾರು ಯಾರ ಕೈ ಹಿಡಿದು ದಡ ಸೇರಿಸಿದರು, ನೀವೇ ಹೇಳಿ. ಎರಡನೆಯ ಚರಣ ಹಾಡಿದವಳು ಆ ಸಲ್ಲಿಯೇ.

ಅಕ್ಕ: ಅವರಿಬ್ಬರೂ ಮುಂದೆ ದಶಕಗಳ ಕಾಲ ಓಕಿಯ ಜೊತೆಗೇ ಉಳಿದರು ಚಿಕ್ಕಪ್ಪ. ಉಪಕಾರದ ಭಾರ ಹೊತ್ತು ಯಾರೂ ಅಷ್ಟು ಕಾಲ ಉಳಿಯುವುದಿಲ್ಲ, ಸರಿಸಮಾನರಾಗಿದ್ದರೆ ಉಳಿಯುತ್ತಾರೆ.

ಚಿಕ್ಕಪ್ಪ: ಆದರೂ ಅವಳ ಚರಣ ಮುಗಿದ ಮೇಲೆ ಮತ್ತೆ ಅವನ ಪಲ್ಲವಿಯೇ ಬರುತ್ತದೆ. ಕೊನೆಯ ಮಾತು ಅವನದೇ ಆಯಿತಲ್ಲ.

ನಾನು: ಈ ಮಾತಿನಲ್ಲಿ ತೂಕವಿದೆ. ಆದರೆ ಅವಳ ಉತ್ತರ ಕೇಳಿದ ಮೇಲೆ ಅದೇ ಪಲ್ಲವಿ ಬೇರೆಯಾಗಿ ಕೇಳಿಸುತ್ತದೆ. ಮೊದಲ ಸಲ ಅವನಿಗೆ ಇನ್ನೂ ಗೆಲ್ಲುವ ನಂಬಿಕೆ ಇತ್ತು. ಎರಡನೆಯ ಸಲ ಅವಳು ಹೊರಟಾಗಿದೆ, ಇವನು ಅದೇ ಮಾತನ್ನು ಹೇಳುತ್ತಲೇ ಇದ್ದಾನೆ.

ಭಾವ: ಅಷ್ಟು ಕಹಿ ಹಾಡಾಗಿದ್ದರೆ ಜನ ಮುಗಿಬಿದ್ದು ಕೊಳ್ಳುತ್ತಿದ್ದರೇ? 1981ರ ಕ್ರಿಸ್‌ಮಸ್‌ಗೆ ಬ್ರಿಟನ್ನಿನಲ್ಲಿ ಮೊದಲ ಸ್ಥಾನ, ಅದೂ ಐದು ವಾರ. ಮರುವರ್ಷ ಅಮೆರಿಕದಲ್ಲೂ ಮೊದಲ ಸ್ಥಾನ.

ತಮ್ಮ: ಬರೆದವನಿಗೇ ಅದರ ಮೇಲೆ ನಂಬಿಕೆ ಇರಲಿಲ್ಲ ಭಾವ. ‘ಡೇರ್’ ಆಲ್ಬಮ್‌ನ ಕಟ್ಟಕಡೆಯ ಹಾಡಾಗಿ ಇಟ್ಟಿದ್ದರು. ಸಿಂಗಲ್ ಆಗಿ, ಅಂದರೆ ಬಿಡಿ ಹಾಡಾಗಿ ಬರುವುದು ಓಕಿಗೆ ಇಷ್ಟವಿರಲಿಲ್ಲ, ವರ್ಜಿನ್ ರೆಕಾರ್ಡ್ ಕಂಪನಿ ಪಟ್ಟು ಹಿಡಿಯಿತು.

ನಾನು: ಜನ ಕೊಂಡದ್ದು ಆ ಜಗಳವನ್ನೇ ಭಾವ. ಒಂದೇ ಐದು ವರ್ಷದ ಕಥೆಯನ್ನು ಇಬ್ಬರು ಎರಡು ರೀತಿ ಹೇಳುತ್ತಾರೆ. ಯಾವುದು ನಿಜ ಎಂದು ಹಾಡು ತೀರ್ಪು ಕೊಡುವುದಿಲ್ಲ. ನನ್ನ ತೀರ್ಪು ಅವಳ ಕಡೆಗೆ.

ಅತ್ತಿಗೆ: ನನ್ನದೂ. ಭಾನುವಾರ ಊಟಕ್ಕೆ ಎಲ್ಲರೂ ಒಂದು ಗಂಟೆಯ ಒಳಗೆ ಬನ್ನಿ, ಉಳಿದದ್ದನ್ನು ಎದುರು ಕುಳಿತು ವಾದಿಸೋಣ.

ಭಾವ: ಬರುತ್ತೇನೆ. ಪಲ್ಲವಿಯ ವಿಷಯದಲ್ಲಿ ಮಾತ್ರ ನಾನು ಒಪ್ಪಿಲ್ಲ.