ಅಪ್‌ಡೇಟ್: ಶಿಸ್ತುಕ್ರಮದಲ್ಲಿ ಕೆಲಸ ಹೋದಮೇಲೆ ರೆಫರೆನ್ಸ್
ಶಿಸ್ತುಕ್ರಮದಲ್ಲಿ ನನ್ನನ್ನು ಕೆಲಸದಿಂದ ತೆಗೆದ ಕಂಪನಿಯವರ ರೆಫರೆನ್ಸ್ (ನನ್ನ ಬಗ್ಗೆ ಅವರು ಹೇಳುವ ಮಾತು) ಹೊಸ ಕಡೆಯವರು ಕೇಳಿದರೆ ಏನು ಮಾಡಲಿ ಎಂದು ಹಿಂದೆ ಇಲ್ಲಿ ಕೇಳಿದ್ದೆ. ಈಗ ಹೊಸ ಕೆಲಸ ಸಿಕ್ಕಿತು!

ಕೈ ಹಿಡಿದದ್ದು ಹಳೇ ಎಚ್‌ಆರ್‌ಗೆ ಮೇಲ್ ಹಾಕಿ, ಯಾರಾದರೂ ವಿಚಾರಿಸಿದರೆ ಏನು ಹೇಳುತ್ತೀರಿ ಎಂದು ಮೊದಲೇ ಕೇಳುವ ಸಲಹೆ. ಸೇರಿದ ದಿನ, ಬಿಟ್ಟ ದಿನ, ಹುದ್ದೆ ಇಷ್ಟೇ ತಿಳಿಸುತ್ತೇವೆ ಎಂದು ಬರೆದರು. ಇದನ್ನು ನಾನು ನಿರೀಕ್ಷಿಸಿರಲೇ ಇಲ್ಲ. ಕೆಲವು ಕಡೆ ಕಾರಣವನ್ನೂ ಹೇಳುತ್ತಾರೆ, ಅದಕ್ಕೇ ಕೇಳಿಬಿಡಿ. ರೆಫರೆನ್ಸ್‌ಗೆ ಅದಕ್ಕೂ ಹಿಂದಿನ ಕೆಲಸದ ಮ್ಯಾನೇಜರ್ ಖುಷಿಯಿಂದ ಒಪ್ಪಿದರು.

ರೆಸ್ಯೂಮೆಯಲ್ಲಿ ಆ ಕೆಲಸವನ್ನೇ ಕೈಬಿಟ್ಟಿದ್ದು ಮಾತ್ರ ಉಪಯೋಗವಾಗಲಿಲ್ಲ. ಗ್ಯಾಪ್ ಬಗ್ಗೆಯೇ ಜಾಸ್ತಿ ಪ್ರಶ್ನೆ ಬಂತು. ಮುಂದಿನ ಇಂಟರ್‌ವ್ಯೂನಲ್ಲಿ "ನನ್ನನ್ನು ತೆಗೆದರು, ಕಾರಣ ಇದು, ಈಗ ಹೀಗೆ ಕೆಲಸ ಮಾಡುತ್ತೇನೆ" ಎಂದಷ್ಟೇ ಹೇಳಿ ನಿಲ್ಲಿಸಿದೆ. ಅವರು ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋದರು. ಸುಳ್ಳು ಹೇಳಿ ಸೇರಿದ್ದರೆ ಆಮೇಲೆ ಅದೇ ಕಾರಣಕ್ಕೆ ತೆಗೆಯಬಹುದಿತ್ತು, ಅಲ್ವಾ?