ಪದಚರ್ಚೆ: ಎಣ್ಣೆಯ ಕಡೆ ಒಲವಿರುವ ಕಲ್ಲಿಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಸುಣ್ಣಕಲ್ಲಿನ ಪದರಗಳಲ್ಲಿ ಸಿಕ್ಕಿಕೊಂಡ ಕಚ್ಚಾ ತೈಲವನ್ನು ಸರ್ಫ್ಯಾಕ್ಟಂಟ್ (ಸೋಪಿನ ಜಾತಿಯ ರಾಸಾಯನಿಕ) ಬಳಸಿ ಹೊರತೆಗೆಯುವ ಬಗ್ಗೆ, ಇಲ್ಲಿ ಬೆಂಗಳೂರಿನ ಪಿಯುಸಿ ಮಕ್ಕಳಿಗಾಗಿ ಒಂದು ಬರಹ ತಯಾರು ಮಾಡುತ್ತಿದ್ದೇನೆ. 'ವೆಟೆಬಿಲಿಟಿ' ಎಂಬ ಪದದ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ. ಅದರ ಜೊತೆಗೇ ಬರುವ 'ವಾಟರ್-ವೆಟ್', 'ಆಯಿಲ್-ವೆಟ್' ಕೂಡ ಹಾಗೇ.

ವಿಷಯ ಸ್ವಲ್ಪ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ತೊಡಕು ಎಲ್ಲಿದೆ ಅಂತ ಗೊತ್ತಾಗುವುದಿಲ್ಲ. ಜಗತ್ತಿನ ತೈಲದಲ್ಲಿ ಅರ್ಧಕ್ಕಿಂತ ಜಾಸ್ತಿ ಇರುವುದು ಸುಣ್ಣಕಲ್ಲು, ಡಾಲೊಮೈಟ್‌ನಂಥ ಕಾರ್ಬೊನೇಟ್ ಕಲ್ಲುಗಳಲ್ಲಿ ಎಂದು ಅಂದಾಜು. ಸೌದಿಯ ಘವಾರ್ ತೈಲಕ್ಷೇತ್ರ ಅಂಥದ್ದೇ. 1974ರಲ್ಲಿ ಮುಂಬೈ ಕಡಲಿನಲ್ಲಿ ಸಿಕ್ಕ ನಮ್ಮ ಬಾಂಬೆ ಹೈ ಕೂಡ. ಈ ಕಲ್ಲಿನ ಸಣ್ಣ ಸಣ್ಣ ರಂಧ್ರಗಳಲ್ಲಿ ನೀರೂ ಇರುತ್ತದೆ, ಎಣ್ಣೆಯೂ ಇರುತ್ತದೆ. ರಂಧ್ರದ ಗೋಡೆಗೆ ಅಂಟಿಕೊಂಡಿರುವುದು ಯಾವುದು ಅನ್ನುವುದೇ ವೆಟೆಬಿಲಿಟಿ. ನೀರು ಅಂಟಿದ್ದರೆ ವಾಟರ್-ವೆಟ್, ಎಣ್ಣೆ ಅಂಟಿದ್ದರೆ ಆಯಿಲ್-ವೆಟ್. ಸುಣ್ಣಕಲ್ಲಿನ ಮೇಲ್ಮೈಯಲ್ಲಿ ಸಾಮಾನ್ಯವಾಗಿ ಪಾಸಿಟಿವ್ ಚಾರ್ಜ್. ತೈಲದಲ್ಲಿರುವ ಕಾರ್ಬಾಕ್ಸಿಲಿಕ್ ಆಮ್ಲದ ತುದಿಯಲ್ಲಿ ನೆಗೆಟಿವ್. ಎರಡೂ ಗಟ್ಟಿಯಾಗಿ ಕಚ್ಚಿಕೊಳ್ಳುತ್ತವೆ. ಆಮೇಲೆ ಎಣ್ಣೆಯನ್ನು ಹೊರತಳ್ಳಲು ಎಷ್ಟು ನೀರು ಪಂಪ್ ಮಾಡಿದರೂ ಅದು ಬಿರುಕುಗಳಲ್ಲೇ ಹರಿದು ಹೋಗುತ್ತದೆ, ಕಲ್ಲಿನೊಳಗೆ ಇಳಿಯುವುದಿಲ್ಲ.

ಮನೆಯಲ್ಲಿ ಪಾಲಿಶ್ ಇಲ್ಲದ ಒಂದು ತುಂಡು ಶಹಾಬಾದ್ ಕಲ್ಲಿತ್ತು. ಅದೂ ಸುಣ್ಣಕಲ್ಲೇ ಅಲ್ವಾ. ತೊಳೆದು ಒಣಗಿಸಿ ಒಂದು ಹನಿ ನೀರು ಬಿಟ್ಟೆ, ತಕ್ಷಣ ಹರಡಿಕೊಂಡಿತು. ಇನ್ನೊಂದು ಮೂಲೆಗೆ ಎಣ್ಣೆ ಸವರಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಒರೆಸಿ ನೀರು ಬಿಟ್ಟರೆ ಹನಿ ಉಬ್ಬಿ ನಿಂತಿತು. ಅದೇ ಕಲ್ಲು, ಸ್ವಭಾವ ಮಾತ್ರ ಬೇರೆ. ಈ ಸ್ವಭಾವಕ್ಕೆ ಪದ ಬೇಕು.

'ಒದ್ದೆ' ನಡೆಯುವುದಿಲ್ಲ. ಕನ್ನಡದಲ್ಲಿ ಒದ್ದೆ ಅಂದ ಕೂಡಲೇ ನೀರು ಬಂದುಬಿಡುತ್ತದೆ. 'ಎಣ್ಣೆಯಿಂದ ಒದ್ದೆಯಾದ ಕಲ್ಲು' ಅಂತ ಯಾರೂ ಅನ್ನುವುದಿಲ್ಲ. 'ಎಣ್ಣೆ ಹಿಡಿದ ಕಲ್ಲು' ನನಗೆ ತುಂಬಾ ಇಷ್ಟವಾಗಿತ್ತು. ಜಿಡ್ಡು ಹಿಡಿದಿದೆ, ತುಕ್ಕು ಹಿಡಿದಿದೆ ಅನ್ನುತ್ತೇವಲ್ಲ, ಹಾಗೆ. ಆದರೆ ಅಲ್ಲೊಂದು ತೊಂದರೆ ಇದೆ. ವಾಟರ್-ವೆಟ್ ಕಲ್ಲಿನಲ್ಲೂ ಬೇಕಾದಷ್ಟು ಎಣ್ಣೆ ಇರಬಹುದು. ಗೋಡೆಗೆ ನೀರಿನ ಪೊರೆ, ನಡುವೆ ಎಣ್ಣೆ. 'ಹಿಡಿದ' ಅಂದರೆ ಒಳಗೆ ಏನಿದೆ ಅನ್ನುವುದು ತಿಳಿಯುತ್ತದೆ, ಕಲ್ಲಿಗೆ ಯಾವುದು ಬೇಕು ಅನ್ನುವುದು ತಿಳಿಯುವುದಿಲ್ಲ. ಅದಕ್ಕೇ 'ನೀರೊಲವಿನ ಕಲ್ಲು', 'ಎಣ್ಣೆಯೊಲವಿನ ಕಲ್ಲು' ಎಂದು ಬರೆದಿದ್ದೇನೆ. ವೆಟೆಬಿಲಿಟಿಗೆ ಸುಮ್ನೆ 'ಒಲವು'. ಓದುವಾಗ ಕಿವಿಗೆ ಹೇಗನ್ನಿಸುತ್ತದೆ?

'ಒಲವು' ಇಟ್ಟುಕೊಂಡರೆ ಮುಂದಿನದು ಸಲೀಸು. ಸರ್ಫ್ಯಾಕ್ಟಂಟ್ ಅಲ್ಲಿ ಎರಡು ಬೇರೆ ಕೆಲಸ ಮಾಡುತ್ತದೆ. ಒಂದು, ಒಲವು ಬದಲಿಸುವುದು. ಪಾಸಿಟಿವ್ ತಲೆಯ (ಅಂದರೆ ಅಣುವಿನ ಒಂದು ತುದಿಯಲ್ಲಿ ಪಾಸಿಟಿವ್ ಚಾರ್ಜ್ ಇರುವ) ಸರ್ಫ್ಯಾಕ್ಟಂಟ್ ಕಲ್ಲಿಗೆ ಅಂಟಿದ ಆಮ್ಲದ ಜೊತೆ ಜೋಡಿಯಾಗಿ, ಸೀಗೆಪುಡಿ ತಲೆಯ ಜಿಡ್ಡು ಬಿಡಿಸುವ ಹಾಗೆ, ಅದನ್ನು ಬಿಡಿಸಿಕೊಂಡು ಹೋಗುತ್ತದೆ. ಎರಡು, ಎಣ್ಣೆಗೂ ನೀರಿಗೂ ನಡುವಿನ ಬಿಗಿತ ಇಳಿಸುವುದು. ಮೀಟರಿಗೆ ಸುಮಾರು 30 ಮಿಲಿನ್ಯೂಟನ್ ಇರುವುದನ್ನು 0.001ರ ಹತ್ತಿರಕ್ಕೆ ತರಬಹುದು. ಈ ಬಿಗಿತಕ್ಕೆ, ಅಂದರೆ 'ಇಂಟರ್‌ಫೇಶಿಯಲ್ ಟೆನ್ಶನ್'ಗೆ, 'ನಡುಬಿಗಿತ' ಎಂದು ಬರೆದೆ. ನೆಗೆಟಿವ್ ತಲೆಯವು ಇದರಲ್ಲಿ ಗಟ್ಟಿಗ, ಆದರೆ ಕಲ್ಲಿಗೇ ಅಂಟಿಕೊಂಡು ಖರ್ಚಾಗಿಬಿಡುತ್ತವೆ. ಅದನ್ನು ತಡೆಯಲು ಸೋಡಿಯಂ ಕಾರ್ಬೊನೇಟ್, ಅಂದರೆ ವಾಷಿಂಗ್ ಸೋಡಾ, ಬೆರೆಸುತ್ತಾರೆ. ಆಗ ಕಲ್ಲಿನ ಚಾರ್ಜೇ ನೆಗೆಟಿವ್ ಕಡೆಗೆ ತಿರುಗುತ್ತದೆ.

ಸರ್ಫ್ಯಾಕ್ಟಂಟ್ ಅನ್ನು ಹಾಗೇ ಉಳಿಸಿಕೊಂಡಿದ್ದೇನೆ. 'ಮಾರ್ಜಕ' ಅಂದರೆ ಬಟ್ಟೆ ಒಗೆಯುವ ಕೆಲಸವೊಂದೇ ನೆನಪಾಗುತ್ತದೆ.

ಇನ್ನೊಂದು ಪದ 'ಇಂಬಿಬಿಶನ್'. ಒಲವು ಬದಲಾದ ಮೇಲೆ ಕಲ್ಲು ತಾನಾಗಿಯೇ ನೀರನ್ನು ಒಳಗೆಳೆದುಕೊಂಡು ಎಣ್ಣೆಯನ್ನು ಹೊರದಬ್ಬುತ್ತದೆ. 'ಇಂಗು' ನಮ್ಮೂರಲ್ಲಿ ಎಲ್ಲರಿಗೂ ಗೊತ್ತು, ಮನೆ ಮನೆಗೂ ಇಂಗುಗುಂಡಿ ತೋಡಿಸುತ್ತಿದ್ದಾರೆ. ಆದರೆ ಇಂಗುವುದು ತೂಕದಿಂದ, ಕೆಳಗೆ. ಇಲ್ಲಿ ಎಳೆತ ಯಾವ ದಿಕ್ಕಿಗೂ ಇರಬಹುದು. ಗಾರೆ ಕೆಲಸದವರು 'ಇಟ್ಟಿಗೆ ನೀರು ಕುಡಿಯುತ್ತೆ' ಅನ್ನುತ್ತಾರೆ. ನನಗೆ ಅದೇ ಸರಿ ಅನ್ನಿಸುತ್ತಿದೆ: 'ತಾನಾಗಿ ಕುಡಿಯುವುದು'.

ಕಲಬುರಗಿ, ಬಾಗಲಕೋಟೆ ಕಡೆಯವರು, ಸುಣ್ಣಕಲ್ಲಿನ ಗಣಿ ಹತ್ತಿರ ಬೆಳೆದವರು ಇಲ್ಲಿದ್ದರೆ ದಯವಿಟ್ಟು ಹೇಳಿ. ನೀರು ಬೇಗ ಕುಡಿಯುವ ಕಲ್ಲಿಗೂ, ನೀರು ಹತ್ತದ ಕಲ್ಲಿಗೂ ಕೆಲಸಗಾರರು ಬೇರೆ ಬೇರೆ ಹೆಸರು ಹೇಳುತ್ತಾರಾ? ಇದ್ದರೆ ನನ್ನ 'ಒಲವು' ತೆಗೆದು ಅದನ್ನೇ ಹಾಕುತ್ತೇನೆ.