ತೂಕ ಇಳಿಸುವ ಔಷಧ: ಒಂದೇ ಸಾಕೇ, ಎರಡನ್ನು ಕೂಡಿಸಬಹುದೇ?

ಪ್ರಶ್ನೆ (ಬದಿಯಡ್ಕದಿಂದ)

ನನ್ನ ತಂಗಿಗೆ 31 ವರ್ಷ. ಎತ್ತರ 156 ಸೆಂಟಿಮೀಟರ್, ಮೂರು ತಿಂಗಳ ಹಿಂದೆ ತೂಕ 94 ಕಿಲೋ ಇತ್ತು. ಮಂಗಳೂರಿನ ವೈದ್ಯರ ಸಲಹೆಯಂತೆ ವಾರಕ್ಕೊಮ್ಮೆ ಟಿರ್ಜೆಪಟೈಡ್ ಚುಚ್ಚುಮದ್ದು ತೆಗೆದುಕೊಳ್ಳುತ್ತಿದ್ದಾಳೆ. ಮೊದಲ ನಾಲ್ಕು ವಾರ 2.5 ಮಿಲಿಗ್ರಾಂ, ಆಮೇಲಿಂದ 5. ಎರಡು ಬಟ್ಟಲು ಕುಚ್ಚಲಕ್ಕಿ ಗಂಜಿ ಉಣ್ಣುತ್ತಿದ್ದವಳು ಈಗ ಅರ್ಧ ಬಟ್ಟಲಿಗೇ ಸಾಕೆನ್ನುತ್ತಾಳೆ. ಆರು ಕಿಲೋ ಇಳಿದಿದ್ದರೂ ಇದು ನಿಧಾನವಾಯಿತೆಂಬ ಬೇಸರ ಅವಳಿಗೆ. ಅಮೆರಿಕದಲ್ಲಿರುವ ಭಾವ ಫೆಂಟರ್ಮಿನ್ ಮತ್ತು ಟೊಪಿರಮೇಟ್ ಎರಡೂ ಇರುವ ಕ್ಯಾಪ್ಸೂಲ್ ನುಂಗುತ್ತಾರೆ. ಮುಂದಿನ ತಿಂಗಳು ಊರಿಗೆ ಬರುವಾಗ ಅವಳಿಗೂ ತರುತ್ತೇನೆ ಎಂದಿದ್ದಾರೆ. ಚುಚ್ಚುಮದ್ದಿನ ಜೊತೆಗೆ ಅದನ್ನೂ ಕೊಡಬಹುದೇ? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ (ಮಂಜೇಶ್ವರದ ವೈದ್ಯ)

ಅಮ್ಮಾ, ಎರಡು ಔಷಧಗಳನ್ನು ಕೂಡಿಸುವುದರ ಹಿಂದಿನ ಯೋಚನೆ ತಪ್ಪಲ್ಲ. ಹಸಿವಿಗೆ ದೇಹದಲ್ಲಿ ಹಲವು ದಾರಿಗಳಿವೆ. ಒಂದನ್ನು ಕಟ್ಟಿದರೆ ಇನ್ನೊಂದು ತೆರೆದುಕೊಳ್ಳುತ್ತದೆ. ನೀವು ಹೇಳಿದ ಕ್ಯಾಪ್ಸೂಲಿನ ಔಷಧಗಳನ್ನು ಬಿಡಿಯಾಗಿಯೂ ಜೊತೆಯಾಗಿಯೂ 28 ವಾರ ಹೋಲಿಸಿ ನೋಡಿದ್ದಾರೆ. ಫೆಂಟರ್ಮಿನ್ ಒಂದರಿಂದ ತೂಕ ಶೇ. 6.1, ಟೊಪಿರಮೇಟ್ ಒಂದರಿಂದ ಶೇ. 6.4, ಎರಡರಿಂದ ಶೇ. 9.2 ಇಳಿದಿತ್ತು, ಔಷಧವಿಲ್ಲದ ಹುಸಿ ಮಾತ್ರೆಯಿಂದ ಶೇ. 1.7. ನನಗೆ ಮುಖ್ಯವೆನಿಸುವುದು ಬೇರೆ: ಎರಡನ್ನೂ ಅರ್ಧ ಪ್ರಮಾಣಕ್ಕೆ ಇಳಿಸಿ ಜೊತೆಯಾಗಿ ಕೊಟ್ಟಾಗಲೂ ಶೇ. 8.5 ಇಳಿದಿತ್ತು. ಕೂಡಿಸುವುದರ ನಿಜವಾದ ಲಾಭ ಅಲ್ಲಿದೆ.

ಆದರೆ ನಿಮ್ಮ ತಂಗಿಯ ಚುಚ್ಚುಮದ್ದು ಒಂದೇ ಅಣುವಾದರೂ ಜಿಎಲ್‌ಪಿ-1, ಜಿಐಪಿ ಎಂಬ, ಊಟವಾದ ಮೇಲೆ ಕರುಳಿನಿಂದ ಹೊರಡುವ ಎರಡು ಹಾರ್ಮೋನುಗಳ ಕೆಲಸ ಮಾಡುತ್ತದೆ. ದೊಡ್ಡ ಪರೀಕ್ಷೆಯಲ್ಲಿ 5 ಮಿಲಿಗ್ರಾಂ ಪ್ರಮಾಣದಿಂದ 72 ವಾರಗಳಲ್ಲಿ ಶೇ. 15, 15 ಮಿಲಿಗ್ರಾಂನಿಂದ ಶೇ. 20.9 ಇಳಿಕೆಯಾಗಿತ್ತು. ಮೂರು ತಿಂಗಳಲ್ಲಿ ಆರು ಕಿಲೋ ಎಂದರೆ ಶೇ. 6ಕ್ಕೂ ಹೆಚ್ಚು, ಇದು ನಿಧಾನವಲ್ಲ. ಪ್ರಮಾಣ ಏರಿಸಲು ಇನ್ನೂ ಮೆಟ್ಟಿಲುಗಳಿರುವಾಗ ಎರಡನೆಯ ಔಷಧದ ಅವಸರವೇಕೆ?

ಇನ್ನೊಂದು ಮಾತು. ಗರ್ಭದಲ್ಲಿರುವ ಮಗುವಿಗೆ ಟೊಪಿರಮೇಟಿನಿಂದ ಸೀಳುತುಟಿಯ ಅಪಾಯವಿದೆ. ಟಿರ್ಜೆಪಟೈಡ್ ಶುರು ಮಾಡಿದಾಗ ಮತ್ತು ಪ್ರತಿ ಸಲ ಪ್ರಮಾಣ ಏರಿಸಿದಾಗ ನಾಲ್ಕು ವಾರ ಗರ್ಭನಿರೋಧಕ ಮಾತ್ರೆಯನ್ನೊಂದನ್ನೇ ನಂಬುವಂತಿಲ್ಲ. ಈ ಎರಡನ್ನೂ ಅವಳಿಗೆ ತಿಳಿಸಿ.

ಉತ್ತರ (ಕುಂಬಳೆ, ಮೆಡಿಕಲ್ ಅಂಗಡಿಯಲ್ಲಿ 26 ವರ್ಷ)

ಡಾಕ್ಟರು ಹೇಳಿದ್ದಕ್ಕೆ ಒಂದು ಹಳೆಯ ಸಂಗತಿ ಸೇರಿಸುತ್ತೇನೆ. 1990ರ ದಶಕದಲ್ಲಿ ಅಮೆರಿಕದಲ್ಲಿ ಫೆನ್‌ಫ್ಲೂರಮಿನ್ ಮತ್ತು ಫೆಂಟರ್ಮಿನ್ ಎರಡನ್ನೂ ತೂಕ ಇಳಿಸಲು ಜೊತೆಯಾಗಿ ಬರೆದುಕೊಡುತ್ತಿದ್ದರು. ಬೇರೆ ಬೇರೆಯಾಗಿ ಎರಡಕ್ಕೂ ಅನುಮತಿಯಿತ್ತು. ಆ ಜೋಡಿಗೆ ಇರಲಿಲ್ಲ. ಹೃದಯದ ಕವಾಟ ಕೆಟ್ಟವರು ಕಂಡುಬಂದ ಮೇಲೆ 1997ರಲ್ಲಿ ಫೆನ್‌ಫ್ಲೂರಮಿನ್ ಮಾರುಕಟ್ಟೆಯಿಂದ ಹೋಯಿತು. ಸೆಮಗ್ಲುಟೈಡ್ ಮತ್ತು ಕ್ಯಾಗ್ರಿಲಿಂಟೈಡ್ ಎಂಬ ತೂಕ ಇಳಿಸುವ ಚುಚ್ಚುಮದ್ದುಗಳ ಜೋಡಿಯನ್ನು ಈಚೆಗೆ ಪರೀಕ್ಷಿಸಿದ ಕ್ರಮವೇ ಬೇರೆ: ಮೊದಲನೆಯದು, ಎರಡನೆಯದು, ಎರಡೂ ಕೂಡಿದ್ದು ಎಂದು 68 ವಾರ ಪ್ರತ್ಯೇಕವಾಗಿ ಅಳೆದರು, ಇಳಿಕೆ ಕ್ರಮವಾಗಿ ಶೇ. 14.9, 11.5, 20.4. ಯಾರದೋ ಪೆಟ್ಟಿಗೆಯಲ್ಲಿ ಬಂದ ಕ್ಯಾಪ್ಸೂಲಿಗೆ ನಿಮ್ಮ ತಂಗಿಯ ಹೆಸರಿನ ಚೀಟಿಯೂ ಇರುವುದಿಲ್ಲ, ರಕ್ತದೊತ್ತಡ ನೋಡುವವರೂ ಇರುವುದಿಲ್ಲ.

ಉತ್ತರ (ಮುಳ್ಳೇರಿಯದ ಕೃಷಿಕ)

ಅಕ್ಕಾ, ನಾನು ಅರೆತಲೆನೋವಿಗೆ ಟೊಪಿರಮೇಟ್ ತೆಗೆದುಕೊಂಡವನು. ಅಡಿಕೆ ಸುಲಿಯಲು ಕೂತರೆ ಬೆರಳ ತುದಿ ಜುಮ್ಮೆನ್ನುತ್ತಿತ್ತು, ಸೋಡಾ ಕುಡಿದರೆ ಬಾಯಿಯೇ ಕೆಟ್ಟಂತಾಗುತ್ತಿತ್ತು. ಹಾಲಿನ ಸೊಸೈಟಿಯ ಸಭೆಯಲ್ಲಿ ಲೆಕ್ಕ ಓದುವಾಗ ದಿನಾ ಆಡುವ ಪದವೇ ನಾಲಿಗೆಗೆ ಬಾರದೆ ನಿಂತುಬಿಟ್ಟಿದ್ದೆ. ವೈದ್ಯರು ಪ್ರಮಾಣ ತಗ್ಗಿಸಿದ ಮೇಲೆ ಸರಿಯಾಯಿತು. ಕೇಳಿ ಹೇಳುವವರೊಬ್ಬರು ಹತ್ತಿರದಲ್ಲಿ ಇದ್ದುದರಿಂದ ಬಚಾವಾದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಕ್ಯಾಪ್ಸೂಲ್ ತರುವುದು ಬೇಡವೆಂದು ಭಾವನಿಗೆ ಇವತ್ತೇ ಹೇಳಿದೆ. ಬರುವ ವಾರ ತಂಗಿಯ ಜೊತೆ ಮಂಗಳೂರಿಗೆ ಹೋಗುತ್ತೇನೆ. ಪ್ರಮಾಣ ಏರಿಸುವ ವಿಚಾರವನ್ನೂ ಗರ್ಭನಿರೋಧಕ ಮಾತ್ರೆಯ ವಿಚಾರವನ್ನೂ ಕಾಗದದಲ್ಲಿ ಬರೆದಿಟ್ಟುಕೊಂಡಿದ್ದೇನೆ. ಎರಡನೆಯದು ನಮಗೆ ಯಾರೂ ಹೇಳಿರಲಿಲ್ಲ.